ಕಣ್ಣಡಿಯ ಹಿನ್ನೀರು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹಿರಿಯರಿಗೆ ಕಣ್ಣಿನ ಆಪರೇಷನ್ ಎಂದರೆ ಈಗಲೂ ಪೊರೆ ತೆಗೆಸುವುದು. ಡಾ. ಎಂ.ಸಿ. ಮೋದಿಯವರು ರಾಜ್ಯದ ಉದ್ದಗಲಕ್ಕೂ ಉಚಿತ ಶಿಬಿರ ಹೂಡಿ, ಒಂದೇ ದಿನದಲ್ಲಿ ನೂರಾರು ಜನರ ಪೊರೆ ತೆಗೆಯುತ್ತಿದ್ದ ಕಾಲವನ್ನು ಕಂಡವರು ಅವರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪಡೆದ ಆ ವೈದ್ಯರ ಶಿಬಿರಗಳಿಂದ ನಮ್ಮ ಹಳ್ಳಿಗಳಿಗೆ ಒಂದು ನಂಬಿಕೆ ಬಂತು: ಕಣ್ಣಿನ ಆಪರೇಷನ್ನಿನ ಫಲ ಬೇಗ ಸಿಗುತ್ತದೆ. ಪಟ್ಟಿ ಬಿಚ್ಚಿದ ಕೂಡಲೇ ಎದುರಿಗೆ ನಿಂತವರ ಮುಖ ಕಾಣುತ್ತದೆ. ಕಂಡರೆ ಗೆದ್ದಂತೆ.

ಅದೇ ನಂಬಿಕೆಯನ್ನು ಹೊತ್ತು ಈಗ ಬೇರೊಂದು ಆಪರೇಷನ್ನಿಗೆ ಹೋಗುವವರಿದ್ದಾರೆ. ಕಣ್ಣಿನ ಕೆಳಗೆ ಚೀಲ ಕಟ್ಟಿಕೊಂಡಿದೆ, ರಾತ್ರಿ ಎಂಟು ಗಂಟೆ ನಿದ್ದೆ ಮಾಡಿದರೂ ಕಂಡವರೆಲ್ಲ ‘ಯಾಕೆ, ಹುಷಾರಿಲ್ವಾ?’ ಎನ್ನುತ್ತಾರೆ, ಅಪ್ಪನಿಗೂ ಹೀಗೇ ಇತ್ತು, ತನಗೆ ಮೂವತ್ತೈದಕ್ಕೇ ಬಂತು. ದಾವಣಗೆರೆಗೋ ಬೆಂಗಳೂರಿಗೋ ಹೋಗಿ ರೆಪ್ಪೆಯ ಸರ್ಜರಿ ಮಾಡಿಸಿಕೊಂಡು ಬರುತ್ತಾರೆ. ವೈದ್ಯರ ಭಾಷೆಯಲ್ಲಿ ಇದು ಬ್ಲೆಫೆರೊಪ್ಲಾಸ್ಟಿ. ಇಲ್ಲಿ ಪಟ್ಟಿ ಬಿಚ್ಚಿದ ದಿನ ಗೆಲುವು ಕಾಣುವುದಿಲ್ಲ. ಮೊದಲ ವಾರ ಮುಖ ಹಿಂದಿಗಿಂತ ಕೆಟ್ಟದಾಗಿ ಕಾಣುತ್ತದೆ. ಹೆಚ್ಚಿನವರಿಗೆ ಎರಡು ಮೂರು ವಾರಗಳಲ್ಲಿ ಊತ ಇಳಿಯುತ್ತದೆ. ಕೆಲವರಿಗೆ ಇಳಿಯುವುದಿಲ್ಲ. ಮೂರು ತಿಂಗಳಾದರೂ ಬೆಳಿಗ್ಗೆ ಎದ್ದು ಕನ್ನಡಿ ನೋಡಿದರೆ ಕಣ್ಣಡಿ ದಪ್ಪ, ಕೆನ್ನೆಯ ಮೇಲೊಂದು ಹೊಸ ಉಬ್ಬು. ದುಡ್ಡು ಕೊಟ್ಟು ತೆಗೆಸಿದ ಚೀಲ ಮತ್ತೆ ಬಂತೇ ಎಂಬ ದಿಗಿಲು. ಮನೆಯವರಿಗೆ ಹೇಳಿಕೊಂಡರೆ ‘ಯಾರು ಮಾಡಿಸ್ಕೋ ಅಂದರು?’ ಎಂಬ ಮಾತು.

ಈ ಅಧ್ಯಾಯ ಅಂಥವರಿಗಾಗಿ, ಮತ್ತು ಆಪರೇಷನ್ ಮಾಡಿಸಬೇಕೆಂದು ಯೋಚಿಸುತ್ತಿರುವವರಿಗಾಗಿ. ಇಡೀ ಅಧ್ಯಾಯದ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. ಕಣ್ಣಡಿಯ ಉಬ್ಬು ಒಂದೇ ಕಾಯಿಲೆಯಲ್ಲ. ಕೊಬ್ಬಿನಿಂದಾದ ಉಬ್ಬು ಬೇರೆ, ನೀರಿನಿಂದಾದ ಉಬ್ಬು ಬೇರೆ. ಕೊಬ್ಬನ್ನು ಕತ್ತರಿಸಿ ತೆಗೆಯಬಹುದು. ನೀರು ಹಾಗಲ್ಲ. ಅದು ಹರಿದುಹೋಗುವ ದಾರಿ ಸರಿಯಾಗದೆ ಇಳಿಯುವುದಿಲ್ಲ. ಆಪರೇಷನ್ ಆದ ಮೇಲೂ ಉಳಿಯುವ ಊತದ ಕಥೆ ಹೆಚ್ಚಿನ ಸಲ ಈ ಎರಡನೆಯದರ ಕಥೆ.

ರೆಪ್ಪೆಯೊಳಗೆ ಏನಿದೆ

ದೇಹದಲ್ಲೆಲ್ಲ ಅತಿ ತೆಳುವಾದ ಚರ್ಮ ಕಣ್ಣುರೆಪ್ಪೆಯದು. ದಪ್ಪ ಒಂದು ಮಿಲಿಮೀಟರಿಗಿಂತ ಕಡಿಮೆ. ತೋಳು, ಹೊಟ್ಟೆಗಳಲ್ಲಿ ಚರ್ಮದ ಕೆಳಗೆ ಕೊಬ್ಬಿನ ಒಂದು ಪದರವಿರುತ್ತದೆ. ರೆಪ್ಪೆಯಲ್ಲಿ ಅದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಚರ್ಮಕ್ಕೆ ತಾಗಿಕೊಂಡೇ ಕಣ್ಣನ್ನು ಸುತ್ತುವರಿದ ಒಂದು ವರ್ತುಲಾಕಾರದ ಸ್ನಾಯು ಇದೆ, ಆರ್ಬಿಕ್ಯುಲಾರಿಸ್. ನಾವು ಕಣ್ಣು ಮಿಟುಕಿಸುವುದು ಇದರಿಂದ. ಚರ್ಮ ಮತ್ತು ಈ ಸ್ನಾಯುವಿನ ನಡುವಿನ ಸಡಿಲ ಜಾಗದಲ್ಲಿ ನೀರು ತುಂಬಿಕೊಳ್ಳುವುದು ಬಲು ಸುಲಭ. ಜೇನುಹುಳ ಹಣೆಗೆ ಕಚ್ಚಿದರೂ ಮಾರನೆಯ ಬೆಳಿಗ್ಗೆ ಕಣ್ಣು ಮುಚ್ಚಿಹೋಗುವಷ್ಟು ಊದುವುದು ಇದೇ ಕಾರಣಕ್ಕೆ.

ಸ್ನಾಯುವಿನ ಹಿಂದೆ ಒಂದು ತೆಳು ಪರೆ. ಅದರ ಹೆಸರು ಆರ್ಬಿಟಲ್ ಸೆಪ್ಟಮ್. ಕಣ್ಣುಗುಳಿಯ ಎಲುಬಿನ ಅಂಚಿನಿಂದ ಹೊರಟು ರೆಪ್ಪೆಯವರೆಗೆ ಹಬ್ಬಿರುವ ಈ ಪರೆಯ ಹಿಂದೆ ಕಣ್ಣುಗುಡ್ಡೆಗೆ ಮೆತ್ತೆಯಾಗಿರುವ ಕೊಬ್ಬು ಇದೆ. ಕೆಳರೆಪ್ಪೆಯ ಹಿಂದೆ ಅದು ಮೂರು ಭಾಗಗಳಾಗಿ ಕೂತಿದೆ: ಮೂಗಿನ ಬದಿಗೆ ಒಂದು, ನಡುವೆ ಒಂದು, ಹೊರಬದಿಗೆ ಒಂದು. ಮೊದಲೆರಡರ ನಡುವೆ ಕಣ್ಣನ್ನು ತಿರುಗಿಸುವ ಸಣ್ಣ ಸ್ನಾಯುವೊಂದು ಹಾದುಹೋಗುತ್ತದೆ. ಸರ್ಜನ್ ಆ ಸ್ನಾಯುವಿಗೆ ಪೆಟ್ಟಾಗದಂತೆ ನೋಡಿಕೊಳ್ಳಬೇಕು. ಅದಕ್ಕೆ ಏಟು ಬಿದ್ದರೆ ಒಂದು ವಸ್ತು ಎರಡಾಗಿ ಕಾಣತೊಡಗುತ್ತದೆ.

ವಯಸ್ಸಾದಂತೆ ಪರೆ ಸಡಿಲವಾಗುತ್ತದೆ, ಕೊಬ್ಬು ಮುಂದಕ್ಕೆ ತಳ್ಳಿಕೊಂಡು ಬರುತ್ತದೆ, ಕೆನ್ನೆಯ ಮಾಂಸ ಕೆಳಗೆ ಜಾರುತ್ತದೆ. ಉಬ್ಬಿನ ಕೆಳಗೆ ಒಂದು ತಗ್ಗು ಮೂಡುತ್ತದೆ. ಕೆಲವು ಮನೆತನಗಳಲ್ಲಿ ಇದು ಇಪ್ಪತ್ತೈದು ಮೂವತ್ತಕ್ಕೇ ಕಾಣಿಸಿಕೊಳ್ಳುತ್ತದೆ. ಅದಕ್ಕೆ ನಿದ್ದೆಗೇಡು ಕಾರಣವಲ್ಲ, ಹುಟ್ಟಿನಿಂದ ಬಂದ ರಚನೆಯೇ ಹಾಗೆ.

ಶ್ರೀರಂಗಪಟ್ಟಣದಿಂದ ಬರ್ಲಿನ್‌ಗೆ

ರೆಪ್ಪೆಯ ಶಸ್ತ್ರಚಿಕಿತ್ಸೆ ಹೊಸ ಕಾಲದ ಶೋಕಿಯೆಂದು ತಿಳಿಯುವುದು ತಪ್ಪು. ಸುಶ್ರುತ ಸಂಹಿತೆ ಎಣಿಸುವ 76 ಕಣ್ಣಿನ ಕಾಯಿಲೆಗಳಲ್ಲಿ 21 ರೆಪ್ಪೆಯವೇ. ಆಧುನಿಕ ಪ್ಲಾಸ್ಟಿಕ್ ಸರ್ಜರಿಯ ಕಥೆಗೂ ಕನ್ನಡ ನೆಲದ ಒಂದು ಕಹಿ ನಂಟಿದೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಆಮೇಲೆ ಪುಣೆಯ ಬಳಿ, ಇಟ್ಟಿಗೆ ಮಾಡುವ ಕುಲದ ಒಬ್ಬ ಕುಶಲಿ ಅವನ ಹಣೆಯ ಚರ್ಮವನ್ನು ಕೆಳಕ್ಕೆ ತಿರುಗಿಸಿ ಹೊಸ ಮೂಗು ಕಟ್ಟಿಕೊಟ್ಟ. ಈ ಸುದ್ದಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ನ 1794ರ ಅಕ್ಟೋಬರ್ ಸಂಚಿಕೆಯಲ್ಲಿ ಚಿತ್ರಸಮೇತ ಅಚ್ಚಾಯಿತು. ಅದನ್ನು ಓದಿದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಅದೇ ವಿಧಾನವನ್ನು ಕೈಗೊಂಡ. ಬರ್ಲಿನ್ನಿನ ಕಾರ್ಲ್ ಫರ್ಡಿನಾಂಡ್ ಫಾನ್ ಗ್ರೇಫೆ ಮೂಗು ಕಟ್ಟುವ ವಿಧಾನಗಳ ಮೇಲೆ 1818ರಲ್ಲಿ ಪುಸ್ತಕ ಬರೆದ. ಬ್ಲೆಫೆರೊಪ್ಲಾಸ್ಟಿ ಎಂಬ ಹೆಸರನ್ನು ಬಳಕೆಗೆ ತಂದವನೂ ಇವನೇ. ಆಗ ಅದು ಅಂದಕ್ಕಾಗಿ ಮಾಡುವ ಆಪರೇಷನ್ ಆಗಿರಲಿಲ್ಲ. ಕ್ಯಾನ್ಸರಿನಿಂದ ಹಾಳಾದ ರೆಪ್ಪೆಯನ್ನು ಮತ್ತೆ ಕಟ್ಟುವ ಕೆಲಸವಾಗಿತ್ತು.

ಅಂದಕ್ಕಾಗಿ ಕೊಬ್ಬು ತೆಗೆಯುವುದು ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. 1924ರಲ್ಲಿ ಫ್ರಾನ್ಸಿನ ಜೂಲಿಯನ್ ಬೂರ್ಗೆ ಚರ್ಮಕ್ಕೆ ಗಾಯ ಮಾಡದೆ, ರೆಪ್ಪೆಯ ಒಳಮೈಯಿಂದಲೇ ಕೊಬ್ಬು ತೆಗೆಯುವ ದಾರಿ ತೋರಿಸಿದ. 1951ರಲ್ಲಿ ಸಾಲ್ವಡೋರ್ ಕಾಸ್ಟಾನ್ಯಾರೆಸ್ ರೆಪ್ಪೆಯ ಹಿಂದಿನ ಕೊಬ್ಬು ಎಲ್ಲೆಲ್ಲಿ ಹೇಗೆ ಕೂತಿದೆ ಎಂದು ವಿವರವಾಗಿ ಬರೆದ. ಮುಂದಿನ ದಶಕಗಳಲ್ಲಿ ಸರ್ಜನ್ನರು ಧಾರಾಳವಾಗಿ ಕೊಬ್ಬು ತೆಗೆದರು. ಹೀಗೆ ತೆಗೆಸಿಕೊಂಡ ಎಷ್ಟೋ ಜನರ ಕಣ್ಣು ವರ್ಷಗಳ ಮೇಲೆ ಗುಳಿಬಿದ್ದು, ಮುಖ ಇನ್ನಷ್ಟು ಮುದಿಯಾಗಿ ಕಂಡಿತು. ಅದನ್ನು ನೋಡಿ ಬುದ್ಧಿ ಕಲಿತ ಶಾಸ್ತ್ರ ದಿಕ್ಕು ಬದಲಿಸಿತು. 1995ರಲ್ಲಿ ಅಮೆರಿಕದ ಸ್ಯಾಮ್ ಹಾಮ್ರಾ, ಕೊಬ್ಬನ್ನು ಎಸೆಯದೆ ಎಲುಬಿನ ಅಂಚಿನ ಮೇಲೆ ಹರಡಿ ತಗ್ಗು ತುಂಬುವ ವಿಧಾನವನ್ನು ಬರೆದ. ಇವತ್ತಿನ ಒಳ್ಳೆಯ ಸರ್ಜನ್ ತೆಗೆಯುವುದಕ್ಕಿಂತ ಉಳಿಸುವುದರ ಕಡೆಗೇ ಹೆಚ್ಚು ಗಮನ ಕೊಡುತ್ತಾರೆ. ಆದರೆ ಕೊಬ್ಬನ್ನು ಸರಿಸಿ ಹರಡಲು ಒಳಗೆ ಹೆಚ್ಚು ಜಾಗ ಬಿಡಿಸಬೇಕು. ಹೆಚ್ಚು ಬಿಡಿಸಿದಷ್ಟೂ ಊತ ಹೆಚ್ಚು ದಿನ ನಿಲ್ಲುತ್ತದೆ.

ಊತದ ಲೆಕ್ಕ

ಗಾಯವಾದ ಕಡೆ ಊದುವುದು ದೇಹ ತಪ್ಪು ಮಾಡಿದೆ ಎಂಬುದರ ಗುರುತಲ್ಲ. 1896ರಲ್ಲಿ ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ಅರ್ನೆಸ್ಟ್ ಸ್ಟಾರ್ಲಿಂಗ್ ಇದರ ಲೆಕ್ಕವನ್ನು ವಿವರಿಸಿದ. ಸೂಕ್ಷ್ಮ ರಕ್ತನಾಳಗಳಿಂದ ನೀರು ಸದಾ ಹೊರಗೆ ಜಿನುಗುತ್ತಲೇ ಇರುತ್ತದೆ. ಹೀಗೆ ಜಿನುಗಿದ್ದನ್ನು ವಾಪಸು ಒಯ್ಯುವ ದೊಡ್ಡ ಹೊಣೆ ದುಗ್ಧನಾಳಗಳದ್ದು. ಗಾಯವಾದಾಗ ರಕ್ತನಾಳಗಳ ಗೋಡೆ ಸಡಿಲವಾಗಿ ನೀರಿನ ಜೊತೆ ಪ್ರೋಟೀನೂ ಹೊರಗೆ ಬರುತ್ತದೆ. ಗಾಯ ಮಾಯಿಸುವ ಕಣಗಳು ಆ ಜಾಗಕ್ಕೆ ಬರಬೇಕಾದರೆ ಇದು ಆಗಲೇಬೇಕು. ಆದರೆ ಹೊರಬಂದ ಪ್ರೋಟೀನು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ದುಗ್ಧನಾಳಗಳೇ ಸಾಗಿಸಬೇಕು, ಬೇರೆ ದಾರಿಯಿಲ್ಲ.

ಕೆಳರೆಪ್ಪೆಯ ಹೊರಬದಿಯ ದುಗ್ಧರಸ ಕಿವಿಯ ಮುಂದಿನ ಗ್ರಂಥಿಗಳಿಗೆ ಹರಿಯುತ್ತದೆ, ಮೂಗಿನ ಬದಿಯದು ದವಡೆಯ ಕೆಳಗಿನ ಗ್ರಂಥಿಗಳಿಗೆ. ದುಗ್ಧರಸವನ್ನು ತಳ್ಳಲು ಹೃದಯದಂಥ ಅಂಗವಿಲ್ಲ. ರೆಪ್ಪೆಯಲ್ಲಿ ಆ ಕೆಲಸಕ್ಕೆ ದೊಡ್ಡ ನೆರವು ಮಿಟುಕಿಸುವ ಸ್ನಾಯುವಿನದು. ನಿಮಿಷಕ್ಕೆ ಹದಿನೈದು ಇಪ್ಪತ್ತು ಸಲ ಅದು ಬಿಗಿಯಾಗಿ ಸಡಿಲವಾಗುವಾಗ ಸಣ್ಣ ದುಗ್ಧನಾಳಗಳು ಅಮುಕಿಕೊಂಡು ರಸ ಮುಂದಕ್ಕೆ ಹೋಗುತ್ತದೆ. ಆಪರೇಷನ್ನಿನಲ್ಲಿ ಈ ಸ್ನಾಯು ಸೊರಗಿದರೆ, ಅಥವಾ ನೋವಿಗೆ ಹೆದರಿ ಪೂರ್ತಿ ಮಿಟುಕಿಸದೆ ಇದ್ದರೆ, ರಸ ನಿಂತಲ್ಲೇ ನಿಲ್ಲುತ್ತದೆ. ಕಣ್ಣಿನ ಹೊರಮೂಲೆಯಿಂದ ಕಿವಿಯ ಕಡೆಗೆ ಗಾಯ ಉದ್ದವಾದಷ್ಟೂ ಆ ದಾರಿಯ ದುಗ್ಧನಾಳಗಳು ಹೆಚ್ಚು ಕಡಿಯುತ್ತವೆ.

ಸಾಮಾನ್ಯವಾಗಿ ಊತ ಎರಡನೆಯ ಮೂರನೆಯ ದಿನ ಅತಿ ಹೆಚ್ಚು. ಕಪ್ಪುನೀಲಿ ಕಲೆ ಹತ್ತು ಹದಿನೈದು ದಿನಗಳಲ್ಲಿ ಹಳದಿಯಾಗಿ ಮಾಯುತ್ತದೆ. ಕಣ್ಣಿಗೆ ಕಾಣುವ ಊತದ ಬಹುಪಾಲು ಮೂರು ವಾರದೊಳಗೆ ಇಳಿಯುತ್ತದೆ. ಉಳಿದದ್ದು ಮೆಲ್ಲಗೆ ಎರಡು ಮೂರು ತಿಂಗಳು ತೆಗೆದುಕೊಳ್ಳುತ್ತದೆ. ಒಳಗಿನ ಗಾಯದ ಗುರುತು ಮೆತ್ತಗಾಗಲು ಆರು ತಿಂಗಳಿಂದ ಒಂದು ವರ್ಷ ಬೇಕು. ಎರಡು ಕಣ್ಣು ಒಂದೇ ವೇಗದಲ್ಲಿ ಮಾಯುವುದೂ ಇಲ್ಲ. ನೀವು ಯಾವ ಮಗ್ಗುಲಿಗೆ ಮಲಗುತ್ತೀರೋ ಆ ಬದಿ ಬೆಳಿಗ್ಗೆ ಹೆಚ್ಚು ಊದಿರುತ್ತದೆ.

ಕೆನ್ನೆಯ ಮೇಲಿನ ಅಣೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಕ್ರಿಕೆಟ್ ಚೆಂಡು ತಾಗಿ ಕಣ್ಣು ಕಪ್ಪಾದವರನ್ನು ಹತ್ತಿರದಿಂದ ನೋಡಿ. ರಕ್ತ ಕೆಳಕ್ಕೆ ಇಳಿಯುವುದು ಸಹಜ, ಆದರೆ ಅದು ಕೆನ್ನೆಯ ತುಂಬ ಹರಡುವುದಿಲ್ಲ. ಕೆನ್ನೆಯೆಲುಬಿನ ಮೇಲೆ ಬಾಗಿದ ಒಂದು ಗೆರೆಯಲ್ಲಿ, ಬರೆದಿಟ್ಟ ಹಾಗೆ, ನಿಂತುಬಿಡುತ್ತದೆ. ಯಾಕೆ ನಿಲ್ಲುತ್ತದೆ? ಅಮೆರಿಕದ ಜೋಯೆಲ್ ಪೆಸ್ಸಾ ಮತ್ತು ಗಾರ್ಜಾ ಎಂಬ ವೈದ್ಯರು ಶವಗಳ ಮುಖದಲ್ಲಿ ಬಣ್ಣದ ದ್ರವ ಹಾಯಿಸಿ ನೋಡಿ 1997ರಲ್ಲಿ ಉತ್ತರ ಪ್ರಕಟಿಸಿದರು. ಕಣ್ಣುಗುಳಿಯ ಎಲುಬಿನ ಅಂಚಿನಿಂದ ಹೊರಟ ಒಂದು ತೆಳು ಪರೆ ಸ್ನಾಯುವನ್ನು ಹಾದು, ಕಣ್ಣಿನ ಹೊರಮೂಲೆಯಿಂದ ಎರಡೂವರೆ ಮೂರು ಸೆಂಟಿಮೀಟರ್ ಕೆಳಗೆ ಕೆನ್ನೆಯ ಚರ್ಮಕ್ಕೆ ಬಂದು ಅಂಟಿಕೊಳ್ಳುತ್ತದೆ. ನೀರಾಗಲಿ ರಕ್ತವಾಗಲಿ ಇದನ್ನು ಸುಲಭವಾಗಿ ದಾಟುವುದಿಲ್ಲ. ಅವರು ಇದನ್ನು ಮೇಲಾರ್ ಸೆಪ್ಟಮ್ ಎಂದು ಕರೆದರು.

ಮಾರಿಕಣಿವೆಯನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಬಾಬಾಬುಡನ್‌ಗಿರಿ ಕಡೆಯಿಂದ ಇಳಿದು ಬರುವ ವೇದಾವತಿಯನ್ನು ಎರಡು ಗುಡ್ಡಗಳ ನಡುವಿನ ಸಂದಿಯಲ್ಲಿ ಮೈಸೂರು ಅರಸರು ಕಲ್ಲಿನ ಕಟ್ಟೆ ಕಟ್ಟಿ ತಡೆದರು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಕೆಲಸ 1907ರಲ್ಲಿ ಮುಗಿಯಿತು. ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದ ಹೆಸರನ್ನೇ ಜಲಾಶಯಕ್ಕೆ ಇಟ್ಟರು. 130 ಅಡಿ ತುಂಬಿದರೆ ಸುಮಾರು 30 ಟಿಎಂಸಿ ನೀರು. 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಮತ್ತೆ ಬೀಳಲು 89 ವರ್ಷ ಹಿಡಿಯಿತು. 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದಾಗ ಹಿರಿಯೂರಿನವರು ಸಂಭ್ರಮಿಸಿದರು, ಜನ ಜಾತ್ರೆಯ ಹಾಗೆ ನೋಡಲು ಹೋದರು. ಅದೇ ಹೊತ್ತಿನಲ್ಲಿ ಅಣೆಯ ಹಿಂದೆ, ಹೊಸದುರ್ಗ ತಾಲ್ಲೂಕಿನಲ್ಲಿ, ಹಿನ್ನೀರು ತೋಟ ಹೊಲಗಳಿಗೆ ನುಗ್ಗಿತು. ಕಟ್ಟೆ ಇರುವುದು ಒಂದು ಕಡೆ, ಮುಳುಗುವ ಜಮೀನು ಇರುವುದು ಅದರ ಹಿಂದೆ, ಮೇಲ್ಭಾಗದಲ್ಲಿ.

ಮುಖದಲ್ಲಿ ಆಗುವುದೂ ಇದೇ. ಅಣೆ ಇರುವುದು ಕೆನ್ನೆಯೆಲುಬಿನ ಮೇಲೆ, ಹಿನ್ನೀರು ತುಂಬುವುದು ಅದರ ಮೇಲ್ಗಡೆ, ರೆಪ್ಪೆ ಮತ್ತು ಕೆನ್ನೆ ಸೇರುವಲ್ಲಿ. ಆಪರೇಷನ್ನಿನ ಗಾಯದಿಂದ ಒಳಹರಿವು ಹೆಚ್ಚುತ್ತದೆ, ಹೊರಹೋಗುವ ನಾಲೆಗಳಲ್ಲಿ ಕೆಲವು ಕಡಿದಿರುತ್ತವೆ, ಹಿನ್ನೀರು ಏರುತ್ತದೆ. ಕಣ್ಣಡಿಯ ಕೊಬ್ಬಿನ ಚೀಲ ಹೋಗಿ, ಅದರ ಒಂದು ಬೆರಳಷ್ಟು ಕೆಳಗೆ ಹೊಸ ಉಬ್ಬು ಕಂಡರೆ ಅದು ಹಳೆಯ ಚೀಲ ಮರಳಿ ಬಂದದ್ದಲ್ಲ. ಅದು ಈ ಹಿನ್ನೀರು. ಹಿನ್ನೀರು ನಿಂತ ಹೊಲದ ಮಣ್ಣನ್ನು ಅಗೆದು ಸಾಗಿಸಿದರೆ ನೀರಿನ ಮಟ್ಟ ಇಳಿಯುವುದಿಲ್ಲ. ಹಾಗೆಯೇ ಊದಿದ ಚರ್ಮವನ್ನು ಮತ್ತೆ ಕತ್ತರಿಸಿದರೆ ಊತ ಇಳಿಯುವುದಿಲ್ಲ. ಇನ್ನೊಂದು ಗಾಯವಾಗಿ ಉಳಿದ ನಾಲೆಗಳೂ ಕಡಿಯುತ್ತವೆ, ಅಷ್ಟೆ.

ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಕಲ್ಲಿನ ಅಣೆಗೆ ತಾನಾಗಿ ಹೊಸ ನಾಲೆ ಹುಟ್ಟುವುದಿಲ್ಲ, ದೇಹದಲ್ಲಿ ಹುಟ್ಟುತ್ತದೆ. ಗಾಯದ ಸುತ್ತ ಹೊಸ ಸೂಕ್ಷ್ಮ ದುಗ್ಧನಾಳಗಳು ಚಿಗುರಿ, ಕಡಿದ ದಾರಿಗಳ ಪಕ್ಕದಲ್ಲಿ ಬೇರೆ ದಾರಿಗಳು ತೆರೆದುಕೊಳ್ಳುತ್ತವೆ. ಇದಕ್ಕೆ ವಾರಗಳಲ್ಲ, ತಿಂಗಳುಗಳು ಬೇಕು. ಎರಡನೆಯ ಆಪರೇಷನ್ನಿಗೆ ಕನಿಷ್ಠ ಆರು ತಿಂಗಳು ಕಾಯಿರಿ ಎಂದು ಅನುಭವಿ ಸರ್ಜನ್ನರು ಹೇಳುವುದು ರೋಗಿಯನ್ನು ಸಾಗಹಾಕಲು ಅಲ್ಲ. ಆ ಮಾತಿನ ಹಿಂದೆ ಈ ಜೀವಶಾಸ್ತ್ರವಿದೆ.

ಕನ್ನಡಿಯ ಮುಂದೆ

ನಿಮ್ಮ ಉಬ್ಬು ಯಾವ ಜಾತಿಯದು ಎಂಬ ಅಂದಾಜನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಕಿಟಕಿಯ ಬೆಳಕಿಗೆ ಮುಖ ಮಾಡಿ ಕನ್ನಡಿ ಹಿಡಿಯಿರಿ. ತಲೆ ಅಲುಗಿಸದೆ ಕಣ್ಣನ್ನಷ್ಟೇ ಮೇಲಕ್ಕೆತ್ತಿ. ಉಬ್ಬು ಹೆಚ್ಚು ಎದ್ದು ಕಂಡರೆ ಅದು ಬಹುಶಃ ಕೊಬ್ಬು, ಏಕೆಂದರೆ ಕಣ್ಣು ಮೇಲೆ ನೋಡುವಾಗ ಕೆಳಗಿನ ಕೊಬ್ಬು ಮುಂದಕ್ಕೆ ತಳ್ಳಿಕೊಳ್ಳುತ್ತದೆ. ಬದಲಾಗದಿದ್ದರೆ ನೀರಿನ ಊತ ಇರಬಹುದು. ಬೆಳಿಗ್ಗೆ ಎದ್ದ ಕೂಡಲೇ ಒಂದು ಫೋಟೊ, ಸಂಜೆ ಅದೇ ಜಾಗದಲ್ಲಿ ಅದೇ ಬೆಳಕಿನಲ್ಲಿ ಇನ್ನೊಂದು ಫೋಟೊ ತೆಗೆಯಿರಿ. ಕೊಬ್ಬು ಬೆಳಿಗ್ಗೆ ಸಂಜೆ ಒಂದೇ ಸಮ. ನೀರು ಬೆಳಿಗ್ಗೆ ಹೆಚ್ಚು, ಸಂಜೆಗೆ ಕಡಿಮೆ: ಮಲಗಿದಾಗ ಮುಖಕ್ಕೆ ಬಂದದ್ದು ಎದ್ದು ಓಡಾಡಿದಾಗ ಕೆಳಗಿಳಿಯುತ್ತದೆ. ಹಿಂದಿನ ರಾತ್ರಿ ಉಪ್ಪಿನಕಾಯಿ, ಹಪ್ಪಳದ ಊಟವಾಗಿದ್ದರೆ ಮರುದಿನ ಇನ್ನೂ ಹೆಚ್ಚು.

ಗಟ್ಟಿಯಾಗಿ ಕಣ್ಣು ಮುಚ್ಚಿದಾಗ ಉಬ್ಬು ಬಿಗಿದುಕೊಂಡು ಕುಗ್ಗಿದರೆ ಅದರಲ್ಲಿ ಜೋಲುಬಿದ್ದ ಸ್ನಾಯುವಿನ ಪಾಲಿದೆ. ಡೇವಿಡ್ ಫರ್ನಾಸ್ 1978ರಲ್ಲಿ ಇಂಥ ಜೋತುಬಿದ್ದ ಮಡಿಕೆಗಳನ್ನು ವಿವರಿಸಿದ್ದರು. ಇನ್ನು ಕೆಲವರಿಗೆ ಉಬ್ಬೇ ಇರುವುದಿಲ್ಲ. ತಲೆಯ ಮೇಲಿನ ಟ್ಯೂಬ್‌ಲೈಟಿನ ಬೆಳಕಿನಲ್ಲಿ ತಗ್ಗಿನ ನೆರಳು ಬಿದ್ದು ಚೀಲದಂತೆ ಕಾಣುತ್ತದೆ. ಎದುರಿನ ಬೆಳಕಿಗೆ ತಿರುಗಿದರೆ ಅದು ಮಾಯ. ಕೊಬ್ಬು ಹೆಚ್ಚು ತೆಗೆದ ಕಣ್ಣಿನಲ್ಲಿ ಹೀಗಾಗುವುದುಂಟು. ಕೊಬ್ಬು, ನೀರು, ಸ್ನಾಯು, ನೆರಳು, ನಾಲ್ಕೂ ಸ್ವಲ್ಪ ಸ್ವಲ್ಪ ಬೆರೆತಿರುವುದೇ ಹೆಚ್ಚು. ಅಂತಿಮ ನಿರ್ಣಯ ವೈದ್ಯರದ್ದು. ಆದರೆ ಬೆಳಿಗ್ಗೆ ಸಂಜೆಯ ಹತ್ತು ಫೋಟೊ ಹಿಡಿದು ಹೋದ ರೋಗಿಗೆ ಸಿಗುವ ಉತ್ತರ, ಬರಿಗೈಯಲ್ಲಿ ಹೋದವರಿಗೆ ಸಿಗುವುದಿಲ್ಲ.

ಊತದ ಬೇರು ಬೇರೆಡೆ ಇದ್ದಾಗ

ಆಪರೇಷನ್ನಿಗೆ ಮೊದಲೇ ಕೆನ್ನೆಯ ಮೇಲೆ ನೀರಿನ ಉಬ್ಬು ಇದ್ದವರಿಗೆ ಆಮೇಲೆ ಅದು ಹೆಚ್ಚಾಗುವ ಸಂಭವ ಹೆಚ್ಚು. ಆದ್ದರಿಂದ ಕೊಬ್ಬಿನ ಚೀಲ ಮತ್ತು ಕೆನ್ನೆಯ ಊತವನ್ನು ಮೊದಲ ಭೇಟಿಯಲ್ಲೇ ಬೇರೆ ಬೇರೆಯಾಗಿ ಗುರುತಿಸಬೇಕು.

ತಗ್ಗು ತುಂಬಲೆಂದು ಕಣ್ಣಡಿಗೆ ಚುಚ್ಚುವ ಫಿಲ್ಲರ್ ಹಾಕಿಸಿಕೊಂಡವರದು ಇನ್ನೊಂದು ಕಥೆ. ಹೆಚ್ಚಾಗಿ ಬಳಸುವ ಫಿಲ್ಲರ್ ಹಯಲುರಾನಿಕ್ ಆಸಿಡ್ ಎಂಬ ಪದಾರ್ಥ. ನೀರನ್ನು ಎಳೆದು ಹಿಡಿದಿಟ್ಟುಕೊಳ್ಳುವುದೇ ಅದರ ಗುಣ. ಕೆಲವು ತಿಂಗಳಲ್ಲಿ ಕರಗುತ್ತದೆ ಎಂದು ಹೇಳಿದ್ದು ಕಣ್ಣಡಿಯಲ್ಲಿ ವರ್ಷಗಟ್ಟಲೆ ಉಳಿಯಬಹುದು. ‘ಎಂದೋ ಹಾಕಿಸಿದ್ದೆ’ ಎಂದು ರೋಗಿ ಹೇಳಲು ಮರೆತರೆ ವೈದ್ಯರು ಆಪರೇಷನ್ನಿನ ಮೇಲೆ ಅನುಮಾನಪಡುತ್ತಾರೆ. ಈ ಫಿಲ್ಲರನ್ನು ಹಯಲುರಾನಿಡೇಸ್ ಎಂಬ ಕಿಣ್ವ ಚುಚ್ಚಿ ಕರಗಿಸಬಹುದು, ಎಷ್ಟೋ ಸಲ ಊತ ಅದರಿಂದಲೇ ಇಳಿಯುತ್ತದೆ.

ನಮ್ಮ ಬಯಲುಸೀಮೆಗೆ ತಕ್ಕ ಕಾರಣವೂ ಒಂದಿದೆ, ಕಾಂಗ್ರೆಸ್ ಗಿಡ. ಹೊಲದ ಬದು, ರಸ್ತೆಯ ಅಂಚು, ಖಾಲಿ ಸೈಟು ಎಲ್ಲೆಲ್ಲೂ ಬೆಳೆದಿರುವ ಪಾರ್ಥೇನಿಯಂನ ದೂಳಿಗೆ ಅಲರ್ಜಿ ಇರುವವರಲ್ಲಿ ಮೊದಲು ಕೆರಳುವ ಜಾಗಗಳಲ್ಲಿ ಕಣ್ಣುರೆಪ್ಪೆಯೂ ಒಂದು. ತುರಿಕೆ, ಉಜ್ಜುವುದು, ಊತ, ಮತ್ತೆ ತುರಿಕೆ. ವರ್ಷಾನುಗಟ್ಟಲೆ ಹೀಗೆ ನಡೆದರೆ ರೆಪ್ಪೆಯ ಚರ್ಮ ದಪ್ಪಗಾಗಿ ಕಪ್ಪಾಗುತ್ತದೆ. ಈರುಳ್ಳಿ, ಶೇಂಗಾ ಹೊಲಗಳಲ್ಲಿ ಬಿಸಿಲಿನಲ್ಲೇ ದಿನ ಕಳೆಯುವವರ ಚರ್ಮ ತನ್ನ ಬಿಗಿಯನ್ನೂ ಕಳೆದುಕೊಳ್ಳುತ್ತದೆ. ಅಲರ್ಜಿಯನ್ನು ಹತೋಟಿಗೆ ತರದೆ ರೆಪ್ಪೆಗೆ ಕತ್ತರಿ ಹಾಕಿದರೆ ಗಾಯ ಮಾಯುವಾಗಲೂ ಕೈ ಕಣ್ಣಿಗೇ ಹೋಗುತ್ತದೆ.

ಇವೆಲ್ಲಕ್ಕಿಂತ ಗಂಭೀರವಾದದ್ದು ದೇಹದ ಒಳಗಿನ ಕಾಯಿಲೆ. ಮೂತ್ರದಲ್ಲಿ ಪ್ರೋಟೀನ್ ಹೋಗುವ ಕಿಡ್ನಿ ಕಾಯಿಲೆಗಳಲ್ಲಿ ಬೆಳಗಿನ ಹೊತ್ತು ಕಣ್ಣು ಊದುವುದು ಮೊದಲ ಲಕ್ಷಣಗಳಲ್ಲಿ ಒಂದು. ಥೈರಾಯ್ಡ್ ಕಡಿಮೆಯಾದರೂ ಮುಖ, ರೆಪ್ಪೆ ದಪ್ಪಗಾಗುತ್ತವೆ. ಥೈರಾಯ್ಡಿಗೆ ಸಂಬಂಧಿಸಿದ ಇನ್ನೊಂದು ಕಾಯಿಲೆಯಲ್ಲಿ ಕಣ್ಣುಗುಡ್ಡೆಯ ಹಿಂದಿನ ಕೊಬ್ಬು, ಸ್ನಾಯುಗಳೇ ಊದಿ ಕಣ್ಣು ಮುಂದಕ್ಕೆ ಬರುತ್ತದೆ. ಒಂದು ಮೂತ್ರ ಪರೀಕ್ಷೆ, ಒಂದು ಥೈರಾಯ್ಡ್ ರಕ್ತ ಪರೀಕ್ಷೆ, ಬಿ.ಪಿ. ತಪಾಸಣೆ ತಾಲ್ಲೂಕು ಕೇಂದ್ರದಲ್ಲೇ ಆಗುತ್ತವೆ. ಅಂದಕ್ಕಾಗಿ ಲಕ್ಷಗಟ್ಟಲೆ ಖರ್ಚು ಮಾಡುವ ಮೊದಲು ಕೆಲವು ನೂರು ರೂಪಾಯಿಯ ಈ ಪರೀಕ್ಷೆ ಮಾಡಿಸಲೇಬೇಕು. ಆಪರೇಷನ್ ಆಗಿ ತಿಂಗಳುಗಳಾದರೂ ಊತ ಇಳಿಯದವರೂ ಮಾಡಿಸಬೇಕು.

ಕಾಯಬಾರದ ಊತ

ಇದುವರೆಗೆ ತಾಳ್ಮೆಯ ಮಾತು ಹೇಳಿದೆ. ತಾಳ್ಮೆ ಕೂಡದ ಊತವೂ ಒಂದಿದೆ. ಆಪರೇಷನ್ ಆದ ಮೊದಲ ದಿನ, ಅದರಲ್ಲೂ ಮೊದಲ ಕೆಲವು ಗಂಟೆಗಳಲ್ಲಿ, ಒಂದೇ ಕಣ್ಣು ಇದ್ದಕ್ಕಿದ್ದಂತೆ ಬಿಗಿಯಾಗಿ ಊದಿ, ತಡೆಯಲಾರದ ನೋವು ಬಂದು, ಕಣ್ಣು ಮುಂದಕ್ಕೆ ತಳ್ಳಿದಂತಾಗಿ, ದೃಷ್ಟಿ ಮಂಜಾದರೆ ಕಣ್ಣುಗುಡ್ಡೆಯ ಹಿಂದೆ ರಕ್ತ ಸೋರುತ್ತಿದೆ ಎಂದು ತಿಳಿಯಬೇಕು. 2004ರಲ್ಲಿ ಅಮೆರಿಕದ ತಜ್ಞರ ಅನುಭವವನ್ನು ಕಲೆಹಾಕಿದ ಒಂದು ಸಮೀಕ್ಷೆಯಂತೆ ಇದು ಸುಮಾರು ಎರಡು ಸಾವಿರಕ್ಕೊಬ್ಬರಲ್ಲಿ ಆಗುತ್ತದೆ. ಶಾಶ್ವತವಾಗಿ ದೃಷ್ಟಿ ಹೋಗುವುದು ಅದಕ್ಕಿಂತಲೂ ಬಹಳ ಅಪರೂಪ. ಆದರೆ ಆದಾಗ ಕೈಯಲ್ಲಿರುವುದು ಒಂದೆರಡು ಗಂಟೆ. ಆ ಹೊತ್ತಿನಲ್ಲಿ ಹೊಲಿಗೆ ಬಿಚ್ಚಿ ಒತ್ತಡ ಇಳಿಸಬೇಕು.

ಹಿರಿಯೂರಿನಿಂದ ಬೆಂಗಳೂರಿಗೆ ಸುಮಾರು 160 ಕಿ.ಮೀ. ಹೊಸದುರ್ಗ, ಹೊಳಲ್ಕೆರೆಯಿಂದ ಇನ್ನೂ ದೂರ. ಬೆಳಿಗ್ಗೆ ಆಪರೇಷನ್, ಸಂಜೆ ಬಸ್ಸಿಗೆ ಮನೆ ಎಂಬ ಲೆಕ್ಕ ಇಲ್ಲಿ ಸಲ್ಲದು. ದೂರದ ಊರಿನವರು ಕನಿಷ್ಠ ಮೊದಲ ರಾತ್ರಿಯಾದರೂ ಆಸ್ಪತ್ರೆಯ ಹತ್ತಿರ ಉಳಿಯಬೇಕು, ಮಧ್ಯರಾತ್ರಿಯಲ್ಲೂ ಫೋನ್ ಎತ್ತುವವರ ನಂಬರ್ ಬರೆದಿಟ್ಟುಕೊಳ್ಳಬೇಕು. ಆಸ್ಪಿರಿನ್, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಬೇಕು. ಹೃದಯಕ್ಕೆಂದು ಕೊಟ್ಟ ಅಂಥ ಮಾತ್ರೆಯನ್ನು ತಾವಾಗಿ ನಿಲ್ಲಿಸಲೂಬಾರದು. ಗಾಯ ಕೆಂಪಾಗಿ ಬಿಸಿಯಾಗಿ ಕೀವು ಬಂದರೆ, ಜ್ವರ ಬಂದರೆ, ರೆಪ್ಪೆ ಮುಚ್ಚಲಾಗದೆ ಕಣ್ಣು ಒಣಗಿ ಚುಚ್ಚಿದರೆ ಆ ದಿನವೇ ವೈದ್ಯರನ್ನು ಕಾಣಬೇಕು.

ಬಿಳಿಗುಡ್ಡೆಯ ಮೇಲಿನ ತೆಳು ಪರೆ ನೀರು ತುಂಬಿ ಉಬ್ಬುವುದೂ ಉಂಟು. ನೋಡಲು ಭಯವಾಗುತ್ತದೆ, ಆದರೆ ಹೆಚ್ಚಿನವರಿಗೆ ಕಣ್ಣು ಒಣಗದಂತೆ ಹನಿ, ಮುಲಾಮು ಹಾಕುತ್ತ ಬಂದರೆ ವಾರಗಳಲ್ಲಿ ಇಳಿಯುತ್ತದೆ. ಸ್ಟೀರಾಯ್ಡ್ ಹನಿಯನ್ನು ಮಾತ್ರ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ಹಾಕಿಕೊಳ್ಳಬಾರದು. ಕಣ್ಣಿನ ಒಳಒತ್ತಡ ಏರಿ ಗ್ಲಾಕೋಮಾ ಬಂದೀತು.

ಹರಿವಿಗೆ ನೆರವು

ಮೊದಲ ಎರಡು ಮೂರು ದಿನ ಬಟ್ಟೆಯಲ್ಲಿ ಸುತ್ತಿದ ತಣ್ಣನೆಯ ಒತ್ತು, ಎರಡು ದಿಂಬಿಟ್ಟು ತಲೆ ಎತ್ತರಿಸಿ ಅಂಗಾತ ಮಲಗುವುದು, ಎರಡು ಮೂರು ವಾರ ಭಾರ ಎತ್ತದಿರುವುದು, ಬಗ್ಗಿ ಮಾಡುವ ಕೆಲಸ ಬಿಡುವುದು. ಉಪ್ಪು ದಿನಕ್ಕೆ 5 ಗ್ರಾಂ ಮೀರದಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಲ್ಲರಿಗೂ ಹೇಳುತ್ತದೆ. ಈ ತಿಂಗಳುಗಳಲ್ಲಿ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಬೇಕು. ಬಿಸಿಲಿಗೆ ಟೋಪಿ, ಕನ್ನಡಕ. ಹೊಗೆಸೊಪ್ಪು, ಬೀಡಿ, ಸಿಗರೇಟು ಗಾಯ ಮಾಯುವುದನ್ನು ತಡಮಾಡುತ್ತವೆ. ಗಾಯ ಕೂಡಿದ ಮೇಲೆ, ಸರ್ಜನ್ ಹೇಳಿಕೊಟ್ಟಂತೆ, ಮೂಗಿನ ಬದಿಯಿಂದ ಕಿವಿಯ ಕಡೆಗೆ ಬೆರಳನ್ನು ಹಗುರವಾಗಿ ಸವರುವುದು ಸಹಾಯ ಮಾಡೀತು. ಜೋರಾಗಿ ತಿಕ್ಕುವುದು ಮಾತ್ರ ಬೇಡ. ಸೊಪ್ಪಿನ ರಸ, ನಿಂಬೆರಸ, ಸುಣ್ಣ ಯಾವುದೂ ಕಣ್ಣಿನ ಬಳಿ ಸುಳಿಯಕೂಡದು.

ಆರು ತಿಂಗಳು ಕಳೆದೂ ಉಬ್ಬು ಉಳಿದರೆ ದಾರಿಗಳಿವೆ, ಆದರೆ ಕಾರಣಕ್ಕೆ ತಕ್ಕ ದಾರಿ. ಕೊಬ್ಬು ಉಳಿದಿದ್ದರೆ ಸಣ್ಣ ತಿದ್ದುಪಡಿ. ತಗ್ಗಾಗಿದ್ದರೆ ಹೊಟ್ಟೆಯಿಂದಲೋ ತೊಡೆಯಿಂದಲೋ ಕೊಬ್ಬು ತಂದು ತುಂಬುವುದು. ಹಳೆಯ ಫಿಲ್ಲರ್ ಇದ್ದರೆ ಕರಗಿಸುವುದು. ಕೆನ್ನೆಯ ನೀರಿನ ಉಬ್ಬು ಇವೆಲ್ಲಕ್ಕಿಂತ ಹಠಮಾರಿ. ಲೇಸರ್, ಚುಚ್ಚುಮದ್ದು, ಶಸ್ತ್ರಚಿಕಿತ್ಸೆ ಎಲ್ಲವನ್ನೂ ಪ್ರಯೋಗಿಸಿ ನೋಡಿದ್ದಾರೆ. ಎಲ್ಲರಿಗೂ ಒಪ್ಪುವ ಒಂದು ಚಿಕಿತ್ಸೆ ಇನ್ನೂ ಇಲ್ಲ. ಇದನ್ನು ನೇರವಾಗಿ ಹೇಳುವ ವೈದ್ಯರನ್ನು ನಂಬಿ. ‘ಹತ್ತು ನಿಮಿಷದ ಕೆಲಸ, ಪೂರ್ತಿ ಹೋಗುತ್ತದೆ’ ಎಂದವರಿಂದ ಇನ್ನೊಂದು ಅಭಿಪ್ರಾಯ ಪಡೆಯದೆ ಮುಂದುವರಿಯಬೇಡಿ. ರೆಪ್ಪೆಯ ಶಸ್ತ್ರಚಿಕಿತ್ಸೆಯಲ್ಲೇ ವಿಶೇಷ ತರಬೇತಿ ಪಡೆದ ಆಕ್ಯುಲೋಪ್ಲಾಸ್ಟಿ ತಜ್ಞರು ಇದ್ದಾರೆ. ಆ ಅಭಿಪ್ರಾಯ ಅಂಥವರದ್ದಾಗಿರಲಿ.

ಆಪರೇಷನ್ ಮಾಡಿಸಬೇಕೆಂದಿರುವವರು ಮೊದಲ ಭೇಟಿಯಲ್ಲಿ ನಾಲ್ಕು ಪ್ರಶ್ನೆ ಕೇಳಲಿ. ನನ್ನ ಉಬ್ಬಿನಲ್ಲಿ ಕೊಬ್ಬೆಷ್ಟು, ನೀರೆಷ್ಟು? ಕೆನ್ನೆಯ ಮೇಲೆ ಈಗಾಗಲೇ ಊತ ಇದೆಯೇ? ಒಳಗಿನಿಂದ ಮಾಡುತ್ತೀರೋ, ಚರ್ಮದ ಮೇಲಿನಿಂದಲೋ? ಆರು ತಿಂಗಳವರೆಗೆ ನನ್ನನ್ನು ನೋಡುವವರು ಯಾರು? ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ರೆಪ್ಪೆಯ ಆಪರೇಷನ್ ಒಂದು ಗಂಟೆಯಲ್ಲಿ ಮುಗಿಯುತ್ತದೆ, ಅದರ ಚಿಕಿತ್ಸೆ ಮುಗಿಯಲು ಅರ್ಧ ವರ್ಷ ಬೇಕು. ಆ ಅರ್ಧ ವರ್ಷದ ಹೊಣೆ ಹೊರಲು ಒಪ್ಪದವರ ಕೈಗೆ ಕಣ್ಣು ಕೊಡಬಾರದು.

ಮನೆಯವರಿಗೂ ಒಂದು ಮಾತು. ಅಂದಕ್ಕಾಗಿ ಮಾಡಿಸಿಕೊಂಡರು ಎಂಬ ಕಾರಣಕ್ಕೆ ಅವರ ನೋವು ಕಡಿಮೆಯಾಗುವುದಿಲ್ಲ, ಆ ಊತ ಶಿಕ್ಷೆಯೂ ಅಲ್ಲ. ದುಗ್ಧರಸದ ದಾರಿ ಸರಿಹೋಗುವವರೆಗೆ ಅವರಿಗೆ ಬೇಕಾದದ್ದು ಕಾರಣ ಬಿಡಿಸಿ ಹೇಳುವ ವೈದ್ಯರು, ಮತ್ತು ದಿನಾ ಬೆಳಿಗ್ಗೆ ‘ಇನ್ನೂ ಇಳಿದಿಲ್ಲವಲ್ಲ’ ಎನ್ನದ ಒಂದು ಮನೆ.